ಲೆಕ್ಕದ ಮೂರು ದೋಷಗಳು: ರಾಯಚೂರು ದೋಆಬಿನ ಬ್ಯಾಂಕುಗಳ ವರದಿಯೂ ಗಣಕಯಂತ್ರವೂ

ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ ಲೆಕ್ಕವು ಅಪರಿಚಿತವಾದ ವಿಷಯವಲ್ಲ. ದೇವಾಲಯದ ನಂದಾದೀವಿಗೆಗೆಂದು ಇಷ್ಟು ಗದ್ಯಾಣಗಳನ್ನು ನಗರದ ವರ್ತಕರಲ್ಲಿಟ್ಟು, ಅದರ ಬಡ್ಡಿಯಿಂದ ಇಷ್ಟು ಎಣ್ಣೆ ನಡೆಯತಕ್ಕುದೆಂದು ವಿಧಿಸುವ ಶಾಸನಗಳು ಅನೇಕವಾಗಿವೆ. ಅಸಲು ಯಾರಲ್ಲಿದೆ, ಬಡ್ಡಿಯೆಷ್ಟು, ಸಲ್ಲಿಸತಕ್ಕವರಾರು, ಸಂದಿತೋ ಇಲ್ಲವೋ ಎಂದು ನೋಡತಕ್ಕವರಾರು ಎಂಬ ಪ್ರಶ್ನೆಗಳಿಗೆ ನಮ್ಮ ಪೂರ್ವಿಕರು ಉತ್ತರವನ್ನು ಕಲ್ಲಿನಲ್ಲಿ ಕೊರೆಯಿಸಿದರು. ಇಂದು ಅದೇ ಪ್ರಶ್ನೆಗಳಿಗೆ ಬ್ಯಾಂಕುಗಳು ವರ್ಷಕ್ಕೊಮ್ಮೆ ಹೊರಡಿಸುವ ಅಡಾವೆ ಪತ್ರಿಕೆಯಲ್ಲಿ, ಎಂದರೆ ಆಸ್ತಿ ಹೊಣೆಗಳ ಪಟ್ಟಿಯಲ್ಲಿ, ಉತ್ತರ ಹೇಳುತ್ತವೆ. ಆ ಉತ್ತರವು ಎಷ್ಟರಮಟ್ಟಿಗೆ ನಂಬತಕ್ಕುದು, ಗಣಕಯಂತ್ರವು ಬಂದಮೇಲೆ ಆ ನಂಬಿಕೆಗೆ ಬಲ ಬಂದಿತೋ ಇಲ್ಲವೋ ಎಂಬುದನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ದೋಆಬಿನಲ್ಲಿ ಒಂದಕ್ಕೊಂದು ಹತ್ತಿರವಾಗಿರುವ ಈ ಮೂರು ತಾಲ್ಲೂಕುಗಳಲ್ಲಿ ಕಾಲುವೆಯ ನೀರಿನ ಗದ್ದೆಯೂ ಮಳೆಯನ್ನೇ ನಂಬಿದ ಎರೆಹೊಲವೂ ಅಕ್ಕಪಕ್ಕದಲ್ಲಿವೆ. ಮಸ್ಕಿಯು ೨೦೧೭ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲೊಂದು. ಅದಕ್ಕೆ ಮೊದಲು ಆ ಊರು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದಿತು. ಒಂದೇ ಬ್ಯಾಂಕಿನ ಒಂದೇ ನಿಯಮವು ಈ ಎರಡು ಬಗೆಯ ನೆಲಗಳ ಮೇಲೆ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

೧. ಅಳತೆಗೋಲು

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಿತು. ಅದನ್ನು ಕಂಡವರು ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರು. ಅದೇ ವರ್ಷ ಹೈದರಾಬಾದು ಪುರಾತತ್ತ್ವ ಮಾಲೆಯ ಮೊದಲನೆಯ ಸಂಪುಟವಾಗಿ ಅದನ್ನು ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿ ಮೊದಲ ಬಾರಿಗೆ ದೊರೆತುದರಿಂದ, ಬಿರುದೊಂದನ್ನೇ ಹೇಳುವ ಇತರ ಶಾಸನಗಳ ಕರ್ತೃ ಯಾರೆಂಬ ವಿವಾದವು ತೀರಿತು. ಬರಹದಲ್ಲಿ ಹೆಸರು ಸರಿಯಾಗಿ ನಿಂತರೆ ಎಷ್ಟು ಸಂದೇಹಗಳು ಪರಿಹಾರವಾಗುವುವೆಂಬುದಕ್ಕೆ ಇದೊಂದು ನಿದರ್ಶನ.

ಮೌರ್ಯರ ಕಾಲದೊಡನೆ ಸಂಪ್ರದಾಯವು ಸೇರಿಸಿ ಹೇಳುವ ಕೌಟಿಲ್ಯನ ಅರ್ಥಶಾಸ್ತ್ರವು ಆಧುನಿಕ ವಿದ್ವಲ್ಲೋಕಕ್ಕೆ ತಿಳಿದುದು ಮೈಸೂರಿನಿಂದಲೇ. ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದರ ಓಲೆಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದರು. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಪ್ರಕೃತ ವಿಷಯವಲ್ಲ. ಅದರ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲ, ಎಂದರೆ ಲೆಕ್ಕದ ಇಲಾಖೆ, ಹೇಗಿರಬೇಕೆಂಬ ವಿವರವಿದೆ. ಆಷಾಢ ಮಾಸಕ್ಕೆ ಅಧಿಕಾರಿಗಳೆಲ್ಲರೂ ತಮ್ಮ ವರ್ಷದ ಲೆಕ್ಕವನ್ನು ತಂದೊಪ್ಪಿಸಬೇಕು. ಅದರ ಮುಂದಿನ ಅಧ್ಯಾಯದಲ್ಲಿ ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಉಪಾಯಗಳ ಪಟ್ಟಿಯಿದೆ.

ಆ ನಲವತ್ತರಲ್ಲಿ ಮೂರನ್ನು ಇಲ್ಲಿ ಅಳತೆಗೋಲಾಗಿ ತೆಗೆದುಕೊಳ್ಳೋಣ. ಮೊದಲನೆಯದು ಕಾಲದೋಷ: ಮೊದಲು ಬಂದುದನ್ನು ಆಮೇಲೆ ಬರೆಯುವುದು, ಆಮೇಲೆ ಬಂದುದನ್ನು ಮೊದಲೇ ಬರೆಯುವುದು. ಎರಡನೆಯದು ಸಿದ್ಧಿದೋಷ: ವಸೂಲಾಗದುದನ್ನು ಆಯಿತೆಂದೂ ಆದುದನ್ನು ಆಗಲಿಲ್ಲವೆಂದೂ ಬರೆಯುವುದು. ಮೂರನೆಯದು ಮೂಲದೋಷ: ಒಂದೆಡೆಯಿಂದ ಬಂದ ಹಣವನ್ನು ಮತ್ತೊಂದೆಡೆಯಿಂದ ಬಂದಂತೆ ತೋರಿಸುವುದು. ಈ ಹೆಸರುಗಳು ನಮ್ಮವು. ವಿಂಗಡಣೆಯ ಸಾಮಗ್ರಿಯು ಅರ್ಥಶಾಸ್ತ್ರದ್ದು. ಗಣಕಯಂತ್ರವು ಇವುಗಳಲ್ಲಿ ಮೊದಲನೆಯದನ್ನು ಬಹುಮಟ್ಟಿಗೆ ಕಳೆದಿದೆ, ಎರಡನೆಯದನ್ನು ಕಟ್ಟುಪಾಡಿಗೆ ತಂದಿದೆ, ಮೂರನೆಯದನ್ನು ಮುಟ್ಟಲಾರದೆ ಹೋಗಿದೆ ಎಂಬುದೇ ಮುಂದಿನ ವಿಚಾರದಿಂದ ತಿಳಿದುಬರುವ ಸಂಗತಿ.

೨. ಕಡತ, ಕಿರ್ದಿ, ಎರಡು ನಾಣ್ಯಗಳು

ಮಧ್ಯಯುಗದ ಶಾಸನಗಳಲ್ಲಿ ಲೆಕ್ಕ ಬರೆಯುವವನಿಗೆ ಕರಣ, ಕರಣಿಕ, ಸೇನಬೋವ ಎಂಬ ಹೆಸರುಗಳುಂಟು. ಸೇನಬೋವನೇ ಮುಂದೆ ಶಾನುಭೋಗನಾದನು. ಉತ್ತರ ಕರ್ನಾಟಕದಲ್ಲಿ ಅವನ ಸ್ಥಾನದಲ್ಲಿ ಕುಲಕರ್ಣಿಯಿದ್ದನು. ಬಸವಣ್ಣನವರೂ ಮೊದಲು ಕರಣಿಕರಾಗಿದ್ದು ಬಳಿಕ ಬಿಜ್ಜಳನ ಭಂಡಾರಿಗಳಾದರೆಂಬ ಪ್ರತೀತಿಯು ಪ್ರಸಿದ್ಧವಾಗಿದೆ. ಇವರು ಬರೆಯುತ್ತಿದ್ದ ಸಾಧನಗಳಲ್ಲಿ ಮುಖ್ಯವಾದುದು ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಕಪ್ಪನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುವರು. ಬರಹವು ಬಹುಕಾಲ ನಿಲ್ಲುವುದಾದರೂ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವುದು. ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಆದಕಾರಣ ಕಡತದ ಪ್ರಾಮಾಣ್ಯವೆಂಬುದು ಬಟ್ಟೆಯಲ್ಲಿರಲಿಲ್ಲ, ಅದನ್ನಿಟ್ಟುಕೊಂಡ ಮನೆತನದ ಮರ್ಯಾದೆಯಲ್ಲಿದ್ದಿತು. ವಂಶಪಾರಂಪರ್ಯವಾದ ಈ ಗ್ರಾಮಾಧಿಕಾರಗಳನ್ನು ೧೯೬೧ರ ಶಾಸನವು ರದ್ದುಮಾಡಿತು.

ದೋಆಬು ೧೮೫೩ರಲ್ಲಿ ನಿಜಾಮನಿಂದ ಕಂಪನಿ ಸರಕಾರದ ವಶಕ್ಕೆ ಹೋಗಿ ೧೮೬೦ರಲ್ಲಿ ಹಿಂದಿರುಗಿತು. ಲಿಂಗಸುಗೂರು ದಂಡಿನ ಠಾಣೆಯಾಗಿದ್ದು, ೧೯೦೫ರ ವರೆಗೆ ಜಿಲ್ಲೆಯೊಂದರ ಕೇಂದ್ರವೂ ಆಗಿದ್ದಿತು. ಒಂದನೆಯ ಸಾಲಾರ್ ಜಂಗರು ೧೮೬೫ರಲ್ಲಿ ಜಿಲ್ಲಾಬಂದಿಯನ್ನು ಏರ್ಪಡಿಸಿ ಕಂದಾಯದ ಲೆಕ್ಕವನ್ನು ಇಜಾರೆದಾರರ ಕೈಯಿಂದ ಸರಕಾರದ ದಫ್ತರಕ್ಕೆ ತಂದರು. ದಫ್ತರದ ಭಾಷೆ ಮೊದಲು ಪಾರಸಿ, ೧೮೮೦ರ ದಶಕದಿಂದ ಉರ್ದು. ಊರಿನ ಲೆಕ್ಕವಾದರೋ ಕನ್ನಡದಲ್ಲಿ ನಡೆಯಿತು. ಜಮೆ, ಖರ್ಚು, ಅಸಲು, ಬಾಕಿ, ವಸೂಲು, ರುಜು, ತಖ್ತೆ ಮುಂತಾದ ಶಬ್ದಗಳು ಪಾರಸಿ ಅರಬ್ಬಿಗಳಿಂದ ಬಂದು ಕನ್ನಡದ ಲೆಕ್ಕದಲ್ಲಿ ಕರಗಿಹೋದುವು. ಅನಕ್ಷರಸ್ಥನಾದ ಒಕ್ಕಲಿಗನಿಗೂ ಬಾಕಿ ಎಂದರೇನೆಂದು ತಿಳಿದಿತ್ತು. ಶಬ್ದವು ಪರಭಾಷೆಯದಾದರೂ ಲೆಕ್ಕವು ಅವನದಾಗಿತ್ತು.

ನಾಣ್ಯದ ತೊಡಕು ಬೇರೆ. ಹೈದರಾಬಾದಿನ ಹಾಲಿ ಸಿಕ್ಕವೂ ಇಂಗ್ಲಿಷರ ಕಲ್ದಾರವೂ ಈ ಸೀಮೆಯಲ್ಲಿ ಜೊತೆಜೊತೆಯಾಗಿ ಓಡಾಡುತ್ತಿದ್ದುವು. ನೂರು ಕಲ್ದಾರ ರೂಪಾಯಿಗೆ ಹಾಲಿ ಸಿಕ್ಕದಲ್ಲಿ ೧೧೬ ರೂಪಾಯಿ ೧೦ ಆಣೆ ೮ ಪೈ ಎಂಬುದು ದರ. ಎಂದರೆ ಆರಕ್ಕೆ ಏಳು. ಗಡಿಯಾಚೆಯ ಬಳ್ಳಾರಿಯ ಪೇಟೆಗೆ ಹತ್ತಿಯನ್ನು ಕಳುಹಿಸುವ ವರ್ತಕನು ಪ್ರತಿಯೊಂದು ಬಾಬನ್ನೂ ಎರಡು ಲೆಕ್ಕಗಳಲ್ಲಿ ನೋಡಿಕೊಳ್ಳಬೇಕಾಗಿತ್ತು. ೧೯೪೧ರ ಕಾಯಿದೆಯಂತೆ ಸ್ಥಾಪಿತವಾದ ಹೈದರಾಬಾದ್ ಸ್ಟೇಟ್ ಬ್ಯಾಂಕು ಈ ಹಾಲಿ ಸಿಕ್ಕದ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದಿತು. ಸಂಸ್ಥಾನವು ೧೯೪೮ರಲ್ಲಿ ಭಾರತದೊಡನೆ ಸೇರಿತು; ಹಾಲಿ ಸಿಕ್ಕವು ೧೯೫೦ರ ದಶಕದಲ್ಲಿ ಚಲಾವಣೆ ತಪ್ಪಿತು; ರಾಯಚೂರು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು; ೧೯೫೭ರಲ್ಲಿ ಆಣೆ ಪೈಗಳು ಹೋಗಿ ದಶಮಾಂಶದ ಪೈಸೆ ಬಂದಿತು. ಹತ್ತು ವರ್ಷಗಳೊಳಗೆ ಲೆಕ್ಕದ ಮಾನವೇ ಎರಡು ಬಾರಿ ಬದಲಾದರೂ ಈ ಸೀಮೆಯ ಗುಮಾಸ್ತರು ಲೇಖನಿ ಕಾಗದಗಳಿಂದಲೇ ಅದನ್ನು ದಾಟಿದರೆಂಬುದನ್ನು ಮರೆಯಬಾರದು.

೩. ಖತಾವಣಿಯ ಕಾಲ

ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಸಿಂಧನೂರಿಗೆ ನೀರು ತಂದಮೇಲೆ ಸಾಲದ ಸ್ವರೂಪವೇ ಬೇರೆಯಾಯಿತು. ಜೋಳ ಹತ್ತಿಗಳ ಸೀಮೆಯಲ್ಲಿ ಬತ್ತವು ನಿಂತಿತು; ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು; ಬೀಜ, ಗೊಬ್ಬರ, ಔಷಧಗಳಿಗೆ ಹಂಗಾಮಿಗೊಮ್ಮೆ ನಗದು ಬೇಕಾಯಿತು. ೧೯೬೯ರ ರಾಷ್ಟ್ರೀಕರಣದ ತರುವಾಯ ಬ್ಯಾಂಕುಗಳು ಹಳ್ಳಿಯ ಕಡೆಗೆ ಮುಖಮಾಡಿದುವು. ಕೆನರಾ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ೧೯೭೬ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕಿಗೆ ಬಳ್ಳಾರಿ ರಾಯಚೂರು ಜಿಲ್ಲೆಗಳು ಕಾರ್ಯಕ್ಷೇತ್ರವಾದುವು. ಸಹಕಾರಿ ಸಂಘಗಳೂ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕೂ ಅದರ ಪಕ್ಕದಲ್ಲಿದ್ದುವು. ಸಿಂಧನೂರಿನ ಹೆಸರನ್ನೇ ಹೊತ್ತು ಹುಟ್ಟಿದ ಪಟ್ಟಣ ಸಹಕಾರಿ ಬ್ಯಾಂಕೊಂದು ಮುಂದೆ ಸುಕೋ ಎಂಬ ಹ್ರಸ್ವನಾಮದಿಂದ ಪರಿಚಿತವಾಯಿತು.

ಆ ಕಾಲದ ಶಾಖೆಯಲ್ಲಿ ಲೆಕ್ಕವು ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿವರಿಸಬೇಕು. ದಿನದ ವ್ಯವಹಾರವನ್ನೆಲ್ಲ ಚೀಟಿಗಳಿಂದ ಕಿರ್ದಿಗೆ ಏರಿಸುವರು. ಅದೇ ಬಾಬುಗಳನ್ನು ಒಬ್ಬೊಬ್ಬ ಗಿರಾಕಿಯ ಹೆಸರಿನ ಖತಾವಣಿಗೂ ಏರಿಸುವರು. ಖತಾವಣಿಯ ಎಲ್ಲ ಬಾಕಿಗಳನ್ನು ಕೂಡಿದ ಮೊತ್ತವು ಮುಖ್ಯ ಖತಾವಣಿಯ ಮೊತ್ತಕ್ಕೆ ಸಮವಾಗಬೇಕು. ಇದಕ್ಕೆ ತಾಳೆ ನೋಡುವುದೆಂದು ಹೆಸರು. ಒಂದು ಅಂಕಿಯು ಹಿಂದುಮುಂದಾದರೂ ತಾಳೆ ತಪ್ಪುವುದು; ಅದನ್ನು ಹುಡುಕಲು ವಾರಗಳು ಬೇಕಾಗುವುವು. ಕೆಲಸವು ಹೆಚ್ಚಿದ ಶಾಖೆಗಳಲ್ಲಿ ತಾಳೆಯು ತಿಂಗಳುಗಟ್ಟಲೆ ಹಿಂದೆಬೀಳುತ್ತಿತ್ತು. ಪುಸ್ತಕಗಳು ತಾಳೆಯಾಗಿಲ್ಲವೆಂಬುದು ಲೆಕ್ಕಪರಿಶೋಧಕರ ವರದಿಗಳಲ್ಲಿ ಮತ್ತೆಮತ್ತೆ ಬರುವ ಆಕ್ಷೇಪಣೆಯಾಗಿದ್ದಿತು.

ಇದಕ್ಕಿಂತ ದೊಡ್ಡ ತೊಡಕು ಶಾಖೆ ಶಾಖೆಗಳ ನಡುವಣ ಲೆಕ್ಕದ್ದು. ಲಿಂಗಸುಗೂರಿನ ಶಾಖೆಯು ರಾಯಚೂರಿನ ಶಾಖೆಯ ಮೇಲೆ ಹುಂಡಿಯನ್ನು ಬರೆದುಕೊಟ್ಟರೆ, ಅದರ ತಿಳಿವಳಿಕೆಯ ಪತ್ರವು ಅಂಚೆಯಲ್ಲಿ ಹೋಗಬೇಕು. ಪತ್ರವು ತಡವಾಗಬಹುದು, ಕಳೆದುಹೋಗಬಹುದು. ಒಂದು ಕಡೆ ಬರೆದು ಮತ್ತೊಂದು ಕಡೆ ಬರೆಯದ ಬಾಬುಗಳು ಸಾವಿರಗಟ್ಟಲೆ ಸೇರಿ ಅಡಾವೆ ಪತ್ರಿಕೆಯಲ್ಲಿ ಇತರ ಆಸ್ತಿ ಎಂಬ ತಲೆಬರಹದ ಕೆಳಗೆ ಕುಳಿತುಕೊಳ್ಳುತ್ತಿದ್ದುವು. ಇದು ಕೌಟಿಲ್ಯನು ಹೇಳಿದ ಕಾಲದೋಷವೇ ಸರಿ. ಹೆಚ್ಚಿನ ಕಡೆ ಇದು ಕಪಟದಿಂದಲ್ಲ, ದೂರದಿಂದ ಹುಟ್ಟಿದುದು. ಆದರೆ ಕಪಟಕ್ಕೆ ಇಂಥ ದೂರಕ್ಕಿಂತ ಅನುಕೂಲವಾದ ಮರೆಯಿಲ್ಲ.

೪. ಯಂತ್ರವು ಬಂದ ಬಗೆ, ಕಾಲದೋಷದ ಪರಿಹಾರ

ಬ್ಯಾಂಕುಗಳಲ್ಲಿ ಯಂತ್ರಗಳನ್ನು ಬಳಸುವ ಬಗ್ಗೆ ನೌಕರರ ಸಂಘಗಳೊಡನೆ ೧೯೮೩ರಲ್ಲಿ ಒಪ್ಪಂದವಾಯಿತು. ರಂಗರಾಜನ್ ಸಮಿತಿಯು ೧೯೮೪ರಲ್ಲೂ ೧೯೮೯ರಲ್ಲೂ ಎರಡು ವರದಿಗಳನ್ನು ಕೊಟ್ಟಿತು. ಮೊದಲು ಬಂದುವು ಖತಾವಣಿ ಬರೆಯುವ ಯಂತ್ರಗಳು. ಆಮೇಲೆ ಶಾಖೆಗೊಂದು ಗಣಕ. ಕಡೆಗೆ ಎಲ್ಲ ಶಾಖೆಗಳ ಲೆಕ್ಕವನ್ನೂ ಒಂದೇ ಕಡೆ ಇಡುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆ. ಗ್ರಾಮೀಣ ಬ್ಯಾಂಕುಗಳು ೨೦೧೧ರೊಳಗೆ ಈ ವ್ಯವಸ್ಥೆಗೆ ಬರಬೇಕೆಂದು ರಿಜರ್ವ್ ಬ್ಯಾಂಕು ಅವಧಿ ಗೊತ್ತುಮಾಡಿತು. ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳ ಸರದಿಯು ಬಹಳ ತಡವಾಗಿ ಬಂದಿತು: ದೇಶದ ಸುಮಾರು ೬೩,೦೦೦ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ ೨,೫೧೬ ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರಕಾರವು ಒಪ್ಪಿಗೆ ಕೊಟ್ಟುದು ೨೦೨೨ರ ಜೂನಿನಲ್ಲಿ.

ಈ ಬದಲಾವಣೆಯಿಂದ ಶಾಖೆಗಳ ನಡುವಣ ಅಂಚೆಯ ದೂರವು ಇಲ್ಲದಾಯಿತು. ಲಿಂಗಸುಗೂರಿನಲ್ಲಿ ಖರ್ಚು ಬಿದ್ದ ಕ್ಷಣದಲ್ಲಿಯೇ ರಾಯಚೂರಿನಲ್ಲಿ ಜಮೆ ಬೀಳುವುದರಿಂದ ನಡುವೆ ತೂಗಾಡುವ ಬಾಬು ಉಳಿಯುವುದಿಲ್ಲ. ಮುಖ್ಯ ಖತಾವಣಿಯು ಗಿರಾಕಿಗಳ ಖಾತೆಗಳಿಂದ ತಾನಾಗಿಯೇ ಕೂಡಿ ಬರುವುದರಿಂದ ಹಿಂದಿನ ತಾಳೆಯ ಕೆಲಸವು ಬಹುಮಟ್ಟಿಗೆ ನಿಂತಿತು. ವರ್ಷಾಂತ್ಯದ ವರದಿಗಾಗಿ ಶಾಖೆಗಳ ತಖ್ತೆಗಳು ಚೀಲದಲ್ಲಿ ಬರುವುದನ್ನು ಕಾಯುವ ಕಾಲವು ಮುಗಿಯಿತು.

ಗಿರಾಕಿಗೆ ನೇರವಾಗಿ ತಾಕಿದ ಒಂದು ಫಲವನ್ನು ಅಂಕಿಗಳಿಂದ ತೋರಿಸಬಹುದು. ಉಳಿತಾಯ ಖಾತೆಗೆ ಹಿಂದೆ ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದ ವರೆಗೆ ಇದ್ದ ಅತ್ಯಂತ ಕಡಿಮೆ ಶಿಲ್ಕಿನ ಮೇಲೆ ಮಾತ್ರ ಬಡ್ಡಿ ಸಿಕ್ಕುತ್ತಿತ್ತು. ಕೈಯಿಂದ ಲೆಕ್ಕ ಹಾಕುವವರಿಗೆ ದಿನದಿನದ ಬಡ್ಡಿಯನ್ನು ಕಟ್ಟುವುದು ಅಸಾಧ್ಯವಾಗಿದ್ದುದೇ ಇದಕ್ಕೆ ಕಾರಣ. ಯಂತ್ರಗಳು ಬಂದುದರಿಂದ ೨೦೧೦ರ ಏಪ್ರಿಲ್ ೧ರಿಂದ ದಿನವಹಿ ಶಿಲ್ಕಿನ ಮೇಲೆ ಬಡ್ಡಿ ಕೊಡಬೇಕೆಂದು ವಿಧಿಯಾಯಿತು. ಸಿಂಧನೂರಿನ ರೈತನೊಬ್ಬನು ಬತ್ತ ಮಾರಿದ ೫೦,೦೦೦ ರೂಪಾಯಿಗಳನ್ನು ೧೨ನೆಯ ತಾರೀಖು ಬರಿಯ ಖಾತೆಗೆ ಕಟ್ಟಿ, ೨೮ನೆಯ ತಾರೀಖು ಗೊಬ್ಬರಕ್ಕೆಂದು ಪೂರ್ತಿ ತೆಗೆದನೆಂದು ಭಾವಿಸೋಣ. ಹಳೆಯ ಕ್ರಮದಲ್ಲಿ ಅವನಿಗೆ ಆ ತಿಂಗಳು ಒಂದು ಕಾಸೂ ಇಲ್ಲ. ಹೊಸ ಕ್ರಮದಲ್ಲಿ, ಆಗಿನ ಶೇಕಡಾ ೩.೫ರ ದರದಲ್ಲಿ, ಹದಿನಾರು ದಿನಗಳಿಗೆ ಸುಮಾರು ೭೭ ರೂಪಾಯಿ. ಮೊತ್ತವು ಚಿಕ್ಕದು, ಆದರೆ ಹಂಗಾಮಿನಲ್ಲಿ ಹಣ ಬಂದು ಹಂಗಾಮಿನಲ್ಲಿಯೇ ಹೋಗುವ ಸೀಮೆಯಲ್ಲಿ ಇಂಥ ಖಾತೆಗಳೇ ಹೆಚ್ಚು. ಬ್ಯಾಂಕು ನಿಜವಾಗಿ ಬಳಸಿದ ಹಣಕ್ಕೂ ಅದು ತನ್ನ ಖರ್ಚಿನಲ್ಲಿ ತೋರಿಸಿದ ಬಡ್ಡಿಗೂ ಮೊದಲ ಬಾರಿಗೆ ಹೊಂದಿಕೆಯುಂಟಾಯಿತು.

೫. ಸಿದ್ಧಿದೋಷ: ವಸೂಲಾಗದುದು ವಸೂಲಾದಂತೆ

ಬ್ಯಾಂಕಿನ ವರದಿಯ ಗುಣವು ಮುಖ್ಯವಾಗಿ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಕೊಟ್ಟ ಸಾಲಗಳಲ್ಲಿ ಹಿಂದಿರುಗುವುವು ಎಷ್ಟು? ಹಿಂದೆ ಬ್ಯಾಂಕುಗಳು ಬಾರದ ಬಡ್ಡಿಯನ್ನೂ ಬಂದ ಆದಾಯದಂತೆ ಲೆಕ್ಕಕ್ಕೆ ಹಿಡಿಯುತ್ತಿದ್ದುದುಂಟು. ೧೯೮೫ರಲ್ಲಿ ರಿಜರ್ವ್ ಬ್ಯಾಂಕು ಸಾಲಗಳನ್ನು ಎಂಟು ಆರೋಗ್ಯ ದರ್ಜೆಗಳಾಗಿ ವಿಂಗಡಿಸಿತಾದರೂ ಯಾವ ಸಾಲವು ಯಾವ ದರ್ಜೆಗೆ ಸೇರತಕ್ಕುದೆಂಬುದರಲ್ಲಿ ಬ್ಯಾಂಕಿನ ಸ್ವಂತ ತೀರ್ಮಾನಕ್ಕೆ ಬಹಳ ಅವಕಾಶವಿದ್ದಿತು. ೧೯೯೧ರ ನರಸಿಂಹಮ್ ಸಮಿತಿಯ ಶಿಫಾರಸಿನ ತರುವಾಯ ವಾಣಿಜ್ಯ ಬ್ಯಾಂಕುಗಳಿಗೂ, ೧೯೯೫-೯೬ರಿಂದ ಗ್ರಾಮೀಣ ಬ್ಯಾಂಕುಗಳಿಗೂ ಹೊಸ ವಿಧಿಗಳು ಬಂದುವು. ಗೊತ್ತಾದ ಅವಧಿಯನ್ನು ಮೀರಿ ಸುಸ್ತಿಯಾದ ಸಾಲವು ಅನುತ್ಪಾದಕವೆನಿಸುವುದು. ಅದರ ಬಡ್ಡಿಯನ್ನು ಕೈಗೆ ಬಂದಹೊರತು ಆದಾಯವೆಂದು ಬರೆಯಕೂಡದು. ವಾಣಿಜ್ಯ ಬ್ಯಾಂಕುಗಳ ಸಾಮಾನ್ಯ ಸಾಲಗಳಿಗೆ ಆ ಅವಧಿಯು ೨೦೦೪ರ ಮಾರ್ಚಿನಿಂದ ತೊಂಬತ್ತು ದಿನ.

ವಿಧಿಯು ಬಂದಮಾತ್ರಕ್ಕೆ ಆಚರಣೆಯು ಬರಲಿಲ್ಲ. ಸುಸ್ತಿಯಾದ ಖಾತೆಗಳ ಪಟ್ಟಿಯನ್ನು ಮಾರ್ಚಿ ತಿಂಗಳಲ್ಲಿ ಕೈಯಿಂದ ಬರೆಯುವವರೆಗೆ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಬರೆಯುವವನ ಕೈಯಲ್ಲಿಯೇ ಉಳಿಯಿತು. ಆದುದರಿಂದ ರಿಜರ್ವ್ ಬ್ಯಾಂಕು ೨೦೨೦ರ ಸೆಪ್ಟೆಂಬರಿನಲ್ಲಿ ವಾಣಿಜ್ಯ ಬ್ಯಾಂಕುಗಳಿಗೆ, ಈ ವಿಂಗಡಣೆಯನ್ನು ಮನುಷ್ಯರ ಕೈ ಸೋಕದಂತೆ ಯಂತ್ರವೇ ಮಾಡತಕ್ಕುದೆಂದು ಆಜ್ಞಾಪಿಸಿ, ೨೦೨೧ರ ಜೂನ್ ೩೦ರ ಗಡುವು ಕೊಟ್ಟಿತು. ದೊಡ್ಡ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಅದೇ ಕಾಲಕ್ಕೆ ಇಂಥದೇ ಆಜ್ಞೆಯಾಯಿತು. ೨೦೨೧ರ ನವೆಂಬರಿನ ಸುತ್ತೋಲೆಯು ಇನ್ನೂ ಮುಂದೆ ಹೋಗಿ, ಪ್ರತಿದಿನದ ಲೆಕ್ಕ ಮುಗಿಸುವಾಗಲೇ ಆ ದಿನದ ಸುಸ್ತಿಯನ್ನು ಗುರುತಿಸಬೇಕೆಂದೂ, ಒಮ್ಮೆ ಅನುತ್ಪಾದಕವಾದ ಖಾತೆಯು ಬಾಕಿಯೆಲ್ಲವೂ ಸಂದಹೊರತು ಮತ್ತೆ ಸರಿಯಾದ ಖಾತೆಯೆನಿಸದೆಂದೂ ಸ್ಪಷ್ಟಪಡಿಸಿತು. ಆಷಾಢಕ್ಕೊಮ್ಮೆ ನಡೆಯುತ್ತಿದ್ದ ವಿಚಾರಣೆಯು ರಾತ್ರಿರಾತ್ರಿಯೂ ನಡೆಯುವಂತಾಯಿತು.

ಸಿದ್ಧಿದೋಷವು ಇದರಿಂದ ಬಹಳವಾಗಿ ಕಡಿಮೆಯಾಯಿತೆಂಬುದನ್ನು ಒಪ್ಪಬೇಕು. ಆದರೆ ಯಂತ್ರದ ತೀರ್ಪು ನಿಂತಿರುವುದು ಮೊದಲ ದಿನ ಅದಕ್ಕೆ ಕೊಟ್ಟ ಮಾಹಿತಿಯ ಮೇಲೆ. ಬೆಳೆಸಾಲಕ್ಕೆ ತೊಂಬತ್ತು ದಿನಗಳ ನಿಯಮವಿಲ್ಲ. ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದಮೇಲೆ ಸಾಲವು ಅನುತ್ಪಾದಕವಾಗುವುದು. ಯಾವ ಬೆಳೆಗೆ ಯಾವ ಹಂಗಾಮೆಂಬುದನ್ನು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯು ಗೊತ್ತುಮಾಡುವುದು. ಸಿಂಧನೂರಿನ ಕಾಲುವೆಯಡಿಯ ಬತ್ತಕ್ಕೂ ಮಸ್ಕಿಯ ಎರೆಹೊಲದ ಹಿಂಗಾರಿ ಜೋಳ ಕಡಲೆಗಳಿಗೂ ಹಂಗಾಮು ಒಂದೇ ಅಲ್ಲ. ಸಾಲ ಕೊಡುವ ದಿನ ಗುಮಾಸ್ತನು ಅವಸರದಲ್ಲಿ ಬೆಳೆಯ ಸಂಕೇತವನ್ನು ತಪ್ಪಾಗಿ ಒತ್ತಿದರೆ, ಮಳೆ ಕೈಕೊಟ್ಟ ಮಸ್ಕಿಯ ರೈತನು ತಾನು ಕಾಣದ ಗದ್ದೆಯ ಕಾಲಮಾನದಂತೆ ಸುಸ್ತಿದಾರನೆನಿಸಬಹುದು. ಹಿಂದಿನ ಖತಾವಣಿಯಲ್ಲಿ ಇಂಥ ತಪ್ಪು ಒಂದು ಪುಟದಲ್ಲಿ ಉಳಿಯುತ್ತಿತ್ತು. ಈಗ ಅದು ಸಾಲಚರಿತ್ರೆಯ ಸಂಸ್ಥೆಗಳ ದಾಖಲೆಗೂ ಹೋಗಿ, ಮತ್ತೊಂದು ಬ್ಯಾಂಕಿನ ಬಾಗಿಲಲ್ಲಿ ಅವನನ್ನು ತಡೆಯುತ್ತದೆ. ವರದಿಯ ಮೊತ್ತವು ಕೋಟಿಗಳಲ್ಲಿರುವುದರಿಂದ ಈ ತಪ್ಪು ಅಲ್ಲಿ ಕಾಣದು. ರೈತನ ಮನೆಯಲ್ಲಿ ಮಾತ್ರ ಕಾಣುವುದು.

೬. ಮೂಲದೋಷ: ಯಂತ್ರವು ಕಾಣದುದು

ಮೂರನೆಯ ದೋಷವನ್ನು ಯಂತ್ರವು ಕಳೆಯಲಾರದೆಂಬುದಕ್ಕೆ ಹೊರಗಿನ ಎರಡು ದೊಡ್ಡ ಪ್ರಸಂಗಗಳು ಸಾಕ್ಷಿಯಾಗಿವೆ. ೨೦೧೮ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕು ತನ್ನ ಮುಂಬಯಿಯ ಶಾಖೆಯೊಂದರಲ್ಲಿ ಸುಮಾರು ೧೧,೪೦೦ ಕೋಟಿ ರೂಪಾಯಿಗಳ ಅನಧಿಕೃತ ವ್ಯವಹಾರವು ನಡೆದಿದೆಯೆಂದು ತಿಳಿಸಿತು. ಹೊಣೆಪತ್ರಗಳು ಹೊರದೇಶದ ಶಾಖೆಗಳಿಗೆ ಸ್ವಿಫ್ಟ್ ಸಂದೇಶಗಳಾಗಿ ಹೋಗಿದ್ದುವು. ಆದರೆ ಆ ಸಂದೇಶದ ವ್ಯವಸ್ಥೆಗೂ ಲೆಕ್ಕದ ವ್ಯವಸ್ಥೆಗೂ ಕೊಂಡಿಯಿರಲಿಲ್ಲ. ಬ್ಯಾಂಕಿನ ಹೊಣೆಯು ಬ್ಯಾಂಕಿನ ಪುಸ್ತಕಕ್ಕೆ ಬರಲೇ ಇಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ನಿರ್ಬಂಧಕ್ಕೊಳಗಾದ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ, ಕೆಲವೇ ದೊಡ್ಡ ಸಾಲಗಳನ್ನು ಮುಚ್ಚಿಡಲು ೨೧,೦೪೯ ಕಲ್ಪಿತ ಖಾತೆಗಳನ್ನು ತೋರಿಸಲಾಗಿದ್ದಿತೆಂದು ಪೋಲೀಸರಲ್ಲಿ ದಾಖಲಾದ ದೂರಿನಲ್ಲಿ ಆರೋಪವಿದ್ದಿತು. ಮೊದಲನೆಯದರಲ್ಲಿ ನಡೆದುದು ಯಂತ್ರದೊಳಗೆ ಬರಲಿಲ್ಲ; ಎರಡನೆಯದರಲ್ಲಿ, ಆರೋಪವು ನಿಜವಾದರೆ, ನಡೆಯದುದು ಪರಿಶೀಲಕರ ಮುಂದೆ ಬಂದಿತು. ಎರಡರಲ್ಲಿಯೂ ಕೂಡುವುದು ಕಳೆಯುವುದು ತಪ್ಪಿರಲಿಲ್ಲ.

ದೋಆಬಿನ ವಾಡಿಕೆಯಲ್ಲಿಯೂ ಇದರ ಸಣ್ಣ ರೂಪವೊಂದನ್ನು ಕಾಣಬಹುದು. ಇದು ಯಾವ ಒಂದು ಬ್ಯಾಂಕಿಗೂ ಮೀಸಲಾದುದಲ್ಲ, ಬೆಳೆಸಾಲವಿರುವೆಡೆಯೆಲ್ಲ ಇರುವುದು. ಬೆಳೆಸಾಲವನ್ನು ವಾಯಿದೆಯೊಳಗೆ ತೀರಿಸಿದವರಿಗೆ ಬಡ್ಡಿಯ ರಿಯಾಯಿತಿಯುಂಟು. ವಾಯಿದೆಯ ದಿನ ಹತ್ತಿರವಾದಾಗ ಕೈಯಲ್ಲಿ ಹಣವಿಲ್ಲದ ರೈತನು ದಲ್ಲಾಳಿಯಿಂದಲೋ ನೆಂಟರಿಂದಲೋ ಎರಡು ದಿನದ ಮಟ್ಟಿಗೆ ಕೈಗಡ ತಂದು ಸಾಲವನ್ನು ಕಟ್ಟುತ್ತಾನೆ. ಮರುದಿನ ಹೊಸ ಸಾಲವನ್ನು ಪಡೆದು ಕೈಗಡವನ್ನು ಅದರ ಬಡ್ಡಿಯೊಡನೆ ಹಿಂದಿರುಗಿಸುತ್ತಾನೆ. ಯಂತ್ರದ ದೃಷ್ಟಿಯಲ್ಲಿ ಇದು ನಿರ್ದುಷ್ಟವಾದ ಖಾತೆ: ಹಣ ಬಂದಿದೆ, ತಾರೀಖು ಸರಿಯಾಗಿದೆ. ಆದರೆ ಬಂದ ಹಣವು ಬೆಳೆಯಿಂದ ಬಂದುದಲ್ಲ, ಮತ್ತೊಂದು ಸಾಲದಿಂದ ಬಂದುದು. ವರದಿಯು ಬೆಳೆ ಬಂದಿತೆಂದು ಹೇಳುತ್ತದೆ. ಹೊಲದಲ್ಲಿ ಬೆಳೆ ಬಂದಿರುವುದಿಲ್ಲ. ಬರಗಾಲದ ನಿಜವಾದ ಅಳತೆಯು ಸರಕಾರಕ್ಕೆ ಬ್ಯಾಂಕಿನ ಪುಸ್ತಕದಿಂದ ಸಿಕ್ಕದಿರಲು ಇದೊಂದು ಕಾರಣ. ಹಿಂದಿನ ಶಾಖೆಯ ಅನುಭವಸ್ಥ ಅಧಿಕಾರಿಯು ಪೇಟೆಯಲ್ಲಿ ವಿಚಾರಿಸಿ ಇದನ್ನು ಅರಿತಿರುತ್ತಿದ್ದನು. ಅರಿತೂ ಸುಮ್ಮನಿರುತ್ತಿದ್ದನೆಂಬುದು ಬೇರೆ ಮಾತು.

ಮೂಲದೋಷಕ್ಕೆ ಮದ್ದು ಏನಾದರೂ ಇದ್ದರೆ ಅದು ಬ್ಯಾಂಕಿನ ಪುಸ್ತಕವನ್ನು ಬ್ಯಾಂಕಿನ ಹೊರಗಿನ ಮತ್ತೊಂದು ಪುಸ್ತಕದೊಡನೆ ತಾಳೆ ನೋಡುವುದು. ಇದರಲ್ಲಿ ಕರ್ನಾಟಕವು ಮುಂದಿರುವುದನ್ನು ಹೇಳಬೇಕು. ಭೂಮಿ ಯೋಜನೆಯು ೨೦೦೦-೦೧ರ ಸುಮಾರಿಗೆ ಪಹಣಿಗಳನ್ನು ಗಣಕಕ್ಕೆ ಏರಿಸಿತು. ೨೦೧೮ರ ಸಾಲಮನ್ನಾ ಸಂದರ್ಭದಲ್ಲಿ ಬ್ಯಾಂಕುಗಳು ಕೊಟ್ಟ ಪ್ರತಿಯೊಂದು ಸಾಲದ ವಿವರವನ್ನೂ ಆಧಾರ್ ಸಂಖ್ಯೆ, ಪಡಿತರ ಚೀಟಿ, ಪಹಣಿಯ ಸರ್ವೆ ನಂಬರುಗಳೊಡನೆ ತಾಳೆ ನೋಡಿದ ಮೇಲೆಯೇ ಹಣ ಬಿಡುಗಡೆಯಾಗುವಂತೆ ರಾಜ್ಯ ಸರಕಾರವು ಏರ್ಪಡಿಸಿತು. ಬ್ಯಾಂಕಿನ ಖಾತೆಯೂ ಕಂದಾಯದ ಪಹಣಿಯೂ ಈ ಪ್ರಮಾಣದಲ್ಲಿ ಎದುರುಬದುರಾದುದು ಹಿಂದೆಂದೂ ನಡೆದಿರಲಿಲ್ಲ. ಸಾಲ ಮಾಡಿದವನಿಗೆ ನೆಲವುಂಟೇ, ಒಂದೇ ನೆಲದ ಮೇಲೆ ಎರಡು ಸಾಲಗಳುಂಟೇ ಎಂಬುದು ಇದರಿಂದ ತಿಳಿಯುವುದು. ಆದರೆ ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನೂ ತಂದೆಯ ಹೆಸರಿನಲ್ಲಿಯೇ ಉಳಿದ ಹೊಲವನ್ನು ಉಳುವ ಮಗನೂ ಈ ತಾಳೆಯಲ್ಲಿ ಹೊರಗುಳಿಯುತ್ತಾರೆ. ಮೊದಲ ಬರಹವೇ ಅಪೂರ್ಣವಾಗಿದ್ದರೆ ಎರಡು ಅಪೂರ್ಣ ಪುಸ್ತಕಗಳ ಹೊಂದಿಕೆಯಿಂದ ಸತ್ಯವು ಪೂರ್ಣವಾಗದು.

ಬರೆದುದನ್ನು ಒರೆಸುವ ವಿಷಯವಾಗಿಯೂ ಒಂದು ಮಾತು. ಕಡತವನ್ನು ಒದ್ದೆ ಬಟ್ಟೆಯಿಂದ ಒರೆಸಬಹುದಾಗಿತ್ತು; ಕಾಗದದ ಖತಾವಣಿಯಲ್ಲಿ ಹೊಡೆದುಹಾಕಿದ ಗೆರೆಯಾದರೂ ಉಳಿಯುತ್ತಿತ್ತು; ಯಂತ್ರದಲ್ಲಿ ಅಂಕಿಯು ಗುರುತಿಲ್ಲದೆ ಬದಲಾಗಬಲ್ಲುದು. ಆದುದರಿಂದ ಕಂಪನಿ ಕಾಯಿದೆಗೆ ಒಳಪಟ್ಟ ಸಂಸ್ಥೆಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಇಡಬೇಕೆಂಬ ನಿಯಮವು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಗ್ರಾಮೀಣ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಬೇರೆ ಕಾಯಿದೆಗಳಡಿ ಹುಟ್ಟಿದುವಾದ್ದರಿಂದ ಈ ನಿಯಮವು ಅವಕ್ಕೆ ನೇರವಾಗಿ ತಗಲುವುದಿಲ್ಲ. ನಮ್ಮ ಸೀಮೆಯ ಹೆಚ್ಚಿನ ಲೆಕ್ಕವಿರುವುದು ಅವುಗಳಲ್ಲಿಯೇ.

೭. ಓದುವವರಾರು?

ವರದಿಯ ಗುಣವನ್ನು ಹೇಳುವಾಗ ಅದನ್ನು ಓದುವವರಾರೆಂಬ ಪ್ರಶ್ನೆಯನ್ನು ಬಿಡಲಾಗದು. ತುಂಗಭದ್ರಾ ಗ್ರಾಮೀಣ ಬ್ಯಾಂಕು ೨೦೦೫ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಅದು ೨೦೧೩ರಲ್ಲಿ ಪ್ರಗತಿ ಕೃಷ್ಣ, ೨೦೧೯ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ೨೦೨೫ರ ಮೇ ೧ರಂದು ವಿಕಾಸ ಗ್ರಾಮೀಣ ಬ್ಯಾಂಕಿನೊಡನೆ ಕೂಡಿ ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕಾಗಿ, ಬಳ್ಳಾರಿಯನ್ನು ಕೇಂದ್ರವಾಗಿ ಇಟ್ಟುಕೊಂಡಿತು. ಹೈದರಾಬಾದಿನ ಬ್ಯಾಂಕು ೨೦೧೭ರ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಬ್ಯಾಂಕು ದೊಡ್ಡದಾದಷ್ಟೂ ವರದಿಯಲ್ಲಿ ಮಸ್ಕಿ ಸಿಂಧನೂರುಗಳು ಕಾಣದಾಗುವುವು. ಯಂತ್ರವು ಒಂದು ಗಳಿಗೆಯಲ್ಲಿ ತಾಲ್ಲೂಕುವಾರು ಲೆಕ್ಕವನ್ನು ಕೊಡಬಲ್ಲುದು. ಅದನ್ನು ಕೇಳುವ ವಿಧಿಯು ವಾರ್ಷಿಕ ವರದಿಯ ನಮೂನೆಯಲ್ಲಿಲ್ಲ.

ಭಾಷೆಯ ಸಂಗತಿಯೂ ಹೀಗೆಯೇ. ಶಾಖೆಯ ನಮೂನೆಗಳು ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕೆಂಬ ವಿಧಿಯುಂಟು. ಆದರೆ ಯಂತ್ರವು ಪಾಸ್ ಪುಸ್ತಕದಲ್ಲಿ ಅಚ್ಚೊತ್ತುವ ಸಾಲುಗಳು ಬಹುಮಟ್ಟಿಗೆ ಇಂಗ್ಲಿಷಿನ ಸಂಕ್ಷೇಪಾಕ್ಷರಗಳು. ಬಡ್ಡಿ, ವಿಮೆಯ ಕಂತು, ಸೇವಾಶುಲ್ಕ, ಸರಕಾರದ ಸಹಾಯಧನ ಇವುಗಳಲ್ಲಿ ಯಾವುದು ಯಾವುದೆಂದು ಖಾತೆಯ ಒಡೆಯನಿಗೆ ತಿಳಿಯುವುದಿಲ್ಲ. ಪಾರಸಿಯ ದಫ್ತರದ ಕಾಲದಲ್ಲಿಯೂ ಊರಿನ ಕುಲಕರ್ಣಿಯು ಕನ್ನಡದಲ್ಲಿ ಲೆಕ್ಕವಿಟ್ಟು, ಬಾಕಿಯೆಷ್ಟೆಂದು ಓದಿ ಹೇಳುತ್ತಿದ್ದನು. ತನ್ನ ಖಾತೆಯ ಒಂದೊಂದು ಸಾಲನ್ನೂ ಓದಬಲ್ಲ ಒಡೆಯನಿಗಿಂತ ಉತ್ತಮನಾದ ಪರಿಶೋಧಕನು ಯಾರೂ ಇಲ್ಲ. ಮೂಲದೋಷವನ್ನು ಮೊದಲು ಕಾಣತಕ್ಕವನು ಅವನೇ. ಯಂತ್ರಕ್ಕೆ ಕನ್ನಡದಲ್ಲಿ ಅಚ್ಚೊತ್ತುವುದು ಕಷ್ಟವಲ್ಲ. ಜಮೆ, ಖರ್ಚು, ಬಾಕಿಗಳೆಂಬ ಶಬ್ದಗಳು ಸಿದ್ಧವಾಗಿಯೇ ಇವೆ.

ಕಡೆಯದಾಗಿ ಸಂಶೋಧಕರ ಗಮನಕ್ಕೆ ತರಬೇಕಾದ ವಿಷಯವೊಂದುಂಟು. ಬ್ಯಾಂಕುಗಳು ತಮ್ಮ ಪುಸ್ತಕಗಳನ್ನು ಕನಿಷ್ಠಪಕ್ಷ ಐದು ವರ್ಷ, ಕೆಲವನ್ನು ಎಂಟು ವರ್ಷ ಕಾಪಾಡಬೇಕೆಂದು ೧೯೮೫ರ ನಿಯಮವು ಹೇಳುತ್ತದೆ. ಆಮೇಲೆ ಕಾಪಾಡಬೇಕೆಂಬ ಕಟ್ಟಿಲ್ಲ. ಕಾಲುವೆಯ ನೀರು ಬಂದ ಮೊದಲ ಹಂಗಾಮುಗಳಲ್ಲಿ ಸಿಂಧನೂರಿನ ರೈತರು ಎಷ್ಟು ಸಾಲ ಮಾಡಿದರು, ಯಾವುದಕ್ಕಾಗಿ ಮಾಡಿದರು, ಹೇಗೆ ತೀರಿಸಿದರು ಎಂಬುದು ಆ ಕಾಲದ ಕಿರ್ದಿ ಖತಾವಣಿಗಳಲ್ಲಿ ಹೊರತು ಬೇರೆಲ್ಲಿಯೂ ಇಷ್ಟು ವಿವರವಾಗಿ ಸಿಕ್ಕದು. ಗಣಕಕ್ಕೆ ಲೆಕ್ಕವನ್ನು ಸಾಗಿಸಿದಾಗ ಹೋದುದು ಆ ದಿನದ ಶಿಲ್ಕು ಬಾಕಿಗಳು. ಹಿಂದಿನ ಚರಿತ್ರೆಯು ಕಾಗದದಲ್ಲಿಯೇ ಉಳಿಯಿತು. ಶಾಖೆಗಳ ಉಗ್ರಾಣಗಳಲ್ಲಿಯೂ ಸಹಕಾರಿ ಸಂಘಗಳ ಪೆಟ್ಟಿಗೆಗಳಲ್ಲಿಯೂ ಇನ್ನೂ ಉಳಿದಿರಬಹುದಾದ ಪುಸ್ತಕಗಳನ್ನು, ಗಿರಾಕಿಗಳ ಹೆಸರುಗಳ ಗೋಪ್ಯಕ್ಕೆ ತಕ್ಕ ಏರ್ಪಾಟು ಮಾಡಿ, ರಾಜ್ಯ ಪತ್ರಾಗಾರದಲ್ಲಾಗಲಿ ವಿಶ್ವವಿದ್ಯಾನಿಲಯದಲ್ಲಾಗಲಿ ಕೂಡಿಡುವ ಕೆಲಸವನ್ನು ಆ ಜಿಲ್ಲೆಯ ವಿದ್ವಾಂಸರೂ ಅಧ್ಯಾಪಕರೂ ಕೈಗೊಳ್ಳುವುದು ಯುಕ್ತವಾಗಿದೆ. ಯಂತ್ರದ ಲೆಕ್ಕವು ಹಿಂದಿನ ಲೆಕ್ಕಕ್ಕಿಂತ ಎಷ್ಟು ಉತ್ತಮವಾಯಿತೆಂದು ಮುಂದಿನವರು ಅಳೆಯಬೇಕಾದರೆ ಹಿಂದಿನ ಲೆಕ್ಕವು ಅವರ ಮುಂದಿರಬೇಕು.